ಏಟು ಬಿದ್ದ ದಿನದ ಚೀಟಿ

ಬೇಸಾಯಕ್ಕೆ ಕೈ ಹಾಕಿರುವ ಮಕ್ಕಳೇ, ಬಿತ್ತನೆ ಬೀಜ, ಗೊಬ್ಬರ, ಮಾರುಕಟ್ಟೆಯ ಬೆಲೆ ಇವುಗಳ ಮಾತು ನಿಮಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಹೊಲದಲ್ಲಿ ಏಟಾದರೆ ಆಸ್ಪತ್ರೆಯ ದುಡ್ಡು ಎಲ್ಲಿಂದ ಬರಬೇಕು ಅನ್ನುವ ಮಾತನ್ನು ಮಾತ್ರ ಯಾರೂ ಮೊದಲೇ ಎತ್ತುವುದಿಲ್ಲ. ಎತ್ತಿದವರ ಬಾಯಿಯನ್ನು ‘ಬಿಡ್ತು ಅನ್ನು’ ಎಂದು ಮುಚ್ಚಿಸುವುದು ನಮ್ಮ ಮನೆಗಳ ವಾಡಿಕೆ. ಆ ಮಾತನ್ನು ನಾನು ಎತ್ತುತ್ತೇನೆ. ಸಹಕಾರ ಸಂಘದ ಕಾರ್ಯದರ್ಶಿಯ ಕುರ್ಚಿಯಲ್ಲಿ ಕೂದಲು ನೆರೆಯುವವರೆಗೂ ಕೂತವನು ನಾನು. ಬೆಳೆ ಸಾಲ ಎಂದು ಪಡೆದ ದುಡ್ಡು ನೇರ ಆಸ್ಪತ್ರೆಯ ಕ್ಯಾಷ್ ಕೌಂಟರಿಗೆ ಹೋದದ್ದು, ಆಮೇಲೆ ಬಿತ್ತನೆಗೆ ಕೈಯಲ್ಲಿ ಕಾಸಿಲ್ಲದೆ ಗದ್ದೆ ಬೀಳುಬಿದ್ದದ್ದು, ವರ್ಷ ಕಳೆದ ಮೇಲೆ ಆ ಮನೆಯ ಹೆಸರು ಸುಸ್ತಿದಾರರ ಪಟ್ಟಿಗೆ ಸೇರಿದ್ದು, ಎಲ್ಲವನ್ನೂ ಲೆಕ್ಕದ ಪುಸ್ತಕದಲ್ಲೇ ಕಂಡಿದ್ದೇನೆ. ಮಳೆ ಕೈಕೊಟ್ಟಾಗ ಮಾತ್ರ ರೈತ ಸಾಲಕ್ಕೆ ಬೀಳುತ್ತಾನೆ ಎಂದುಕೊಳ್ಳಬೇಡಿ. ರೋಟವೇಟರಿಗೆ ಸಿಕ್ಕ ಕಾಲು, ಮೇವು ಕತ್ತರಿಸುವ ಯಂತ್ರಕ್ಕೆ ಹೋದ ಬೆರಳು, ತೆಂಗಿನ ಮರದಿಂದ ಬಿದ್ದು ಮುರಿದ ಬೆನ್ನು, ಬದುವಿನ ಮೇಲೆ ಕಚ್ಚಿದ ಹಾವು, ಇವು ಒಂದೇ ಮಧ್ಯಾಹ್ನದಲ್ಲಿ ಎಷ್ಟೋ ವರ್ಷದ ದುಡಿಮೆಯನ್ನು ನುಂಗಿಬಿಡುತ್ತವೆ.

ಚಿಕಿತ್ಸೆಯ ದುಡ್ಡು ಯಾರು ಕೊಡಬೇಕು ಅನ್ನುವುದು ಬಿಲ್ಲು ಕೈಗೆ ಬಂದ ದಿನ ತೀರ್ಮಾನವಾಗುತ್ತದೆ ಎಂದು ಜನ ತಿಳಿದಿದ್ದಾರೆ. ಅಷ್ಟು ಹೊತ್ತಿಗೆ ಅರ್ಧ ತೀರ್ಮಾನ ಆಗಿಹೋಗಿರುತ್ತದೆ. ಏಟು ಬಿದ್ದ ಮೊದಲ ಗಂಟೆಯಲ್ಲಿ, ತುರ್ತು ಚಿಕಿತ್ಸೆಯ ಕೋಣೆಯ ಮೇಜಿನ ಮೇಲೆ ಡ್ಯೂಟಿ ಡಾಕ್ಟರು ಬರೆಯುವ ಆ ಮೊದಲ ಚೀಟಿ ಇದೆಯಲ್ಲ, ಅದನ್ನು ಆಧಾರವಾಗಿ ಇಟ್ಟುಕೊಂಡೇ ಮುಂದೆ ವಿಮೆಯವರು, ಕೋರ್ಟು, ಇಲಾಖೆ ಎಲ್ಲರೂ ಮಾತಾಡುತ್ತಾರೆ.

ಒಂದು ಪ್ರಸಂಗ ಹೇಳುತ್ತೇನೆ, ಇಂಥದ್ದು ಊರೂರಲ್ಲೂ ನಡೆಯುತ್ತದೆ. ಹುಡುಗ ಬೆಳಿಗ್ಗೆಯಿಂದ ಮೆಣಸಿನಕಾಯಿ ಗಿಡಕ್ಕೆ ಔಷಧಿ ಹೊಡೆಯುತ್ತಿರುತ್ತಾನೆ. ಬಿಸಿಲು ಏರಿದೆ, ಮೂಗಿಗೆ ಕಟ್ಟಿದ ಟವೆಲ್ಲು ಬೆವರಿಗೆ ಒದ್ದೆಯಾಗಿ ಜಾರಿದೆ, ಗಾಳಿ ಎದುರಿನಿಂದ ಬೀಸುತ್ತಿದೆ. ತಲೆ ಸುತ್ತಿ, ವಾಂತಿಯಾಗಿ, ಬಾಯಲ್ಲಿ ಜೊಲ್ಲು ಸುರಿಯುತ್ತ ಬೀಳುತ್ತಾನೆ. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ತರುತ್ತಾರೆ. ‘ಏನಾಯ್ತು?’ ಎಂದು ಡಾಕ್ಟರು ಕೇಳಿದರೆ, ಏದುಸಿರು ಬಿಡುತ್ತಿರುವ ಚಿಕ್ಕಪ್ಪ ‘ಔಷಧಿ ಸಾರ್, ಔಷಧಿ’ ಅನ್ನುತ್ತಾನೆ. ಆ ಮೇಜಿನ ಮುಂದೆ ‘ಔಷಧಿ’ ಎಂದವರಲ್ಲಿ ಕುಡಿದವರೇ ಹೆಚ್ಚು ಬಂದಿರುತ್ತಾರೆ. ಚೀಟಿಯಲ್ಲಿ ‘ವಿಷ ಸೇವನೆ’ ಎಂದು ಬೀಳುತ್ತದೆ. ಅಲ್ಲಿಗೆ ಆ ಹುಡುಗ ಆತ್ಮಹತ್ಯೆಗೆ ಹೊರಟವನಾದ. ಅಪಘಾತ ವಿಮೆ ಅವನ ಪಾಲಿಗೆ ಮುಗಿಯಿತು. ಆಮೇಲೆ ಮನೆಯವರು ಎಷ್ಟು ಅಲೆದರೂ ಆ ಎರಡು ಪದ ಅಳಿಸುವುದು ಬಹಳ ಕಷ್ಟ.

ಅದಕ್ಕೇ ಹೇಳುತ್ತೇನೆ, ಆ ಕ್ಷಣದಲ್ಲಿ ಬಾಯಿ ಬಿಟ್ಟು ಪೂರ್ತಿ ಹೇಳಿ. ‘ಇಂಥ ಹೊತ್ತಿನಿಂದ ಹೊಲದಲ್ಲಿ ಔಷಧಿ ಹೊಡೀತಿದ್ದ, ಕುಡಿದಿಲ್ಲ, ಗಾಳಿಯಲ್ಲಿ ಮೈಮೇಲೆ ಬಿತ್ತು’ ಎನ್ನಿ. ಔಷಧಿಯ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಅದರ ಲೇಬಲ್ಲಿನಲ್ಲಿ ಯಾವ ವಿಷ, ಅದಕ್ಕೆ ಪ್ರತಿಮದ್ದು ಯಾವುದು ಎಂದು ಅಚ್ಚಾಗಿರುತ್ತದೆ. ಡಾಕ್ಟರಿಗೆ ಅದರಿಂದ ಅನುಕೂಲ, ನಿಮಗೂ ಅದು ಸಾಕ್ಷಿ. ಯಾವ ಗಾಯವಾದರೂ ಇದೇ ಕ್ರಮ. ಎಷ್ಟು ಹೊತ್ತಿಗೆ, ಯಾರ ಜಮೀನಿನಲ್ಲಿ, ಏನು ಕೆಲಸ ಮಾಡುವಾಗ, ಯಾವುದರಿಂದ ಏಟಾಯಿತು ಎಂದು ಹೇಳಿ, ಬರೆದದ್ದನ್ನು ಓದಿಸಿ ಕೇಳಿ. ಅಕ್ಷರ ಬಲ್ಲ ನೀವು ಜೊತೆಯಲ್ಲಿದ್ದರೆ ಈ ಕೆಲಸ ನಿಮ್ಮದು. ಅಪ್ಪ ಅಮ್ಮ ಆಗ ಅಳುವುದರಲ್ಲಿರುತ್ತಾರೆ.

ಪೊಲೀಸ್ ಕೇಸಾಗುತ್ತದೆ ಎಂಬ ಭಯಕ್ಕೆ ಸುಳ್ಳು ಹೇಳುವವರೂ ಇದ್ದಾರೆ. ಒಕ್ಕಣೆ ಯಂತ್ರಕ್ಕೆ ಕೈ ಸಿಕ್ಕಿದ್ದರೆ ‘ಮನೆ ಬಾಗಿಲಿಗೆ ಸಿಕ್ಕಿತು’ ಅನ್ನುತ್ತಾರೆ, ಮರದಿಂದ ಬಿದ್ದಿದ್ದರೆ ‘ಮೆಟ್ಟಿಲಲ್ಲಿ ಜಾರಿದ’ ಅನ್ನುತ್ತಾರೆ. ಜಮೀನಿನವರು ಕಿವಿಯಲ್ಲಿ ಹೇಳಿಕೊಟ್ಟು ಹೀಗೆ ಹೇಳಿಸುವುದೂ ಉಂಟು. ಹೇಳಬೇಡಿ. ಆಸ್ಪತ್ರೆಯವರು ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ಎಂದು ದಾಖಲಿಸಿ ಠಾಣೆಗೆ ತಿಳಿಸಿದರೆ ಅದು ನಿಮ್ಮನ್ನು ಹಿಡಿಯುವುದಕ್ಕಲ್ಲ, ಏಟು ಹೇಗಾಯಿತು ಎಂದು ಸರ್ಕಾರದ ಪುಸ್ತಕದಲ್ಲಿ ನಮೂದಾಗುವುದಕ್ಕೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ನಿಯಮದಲ್ಲೇ ಈ ಮಾತಿದೆ: ರಸ್ತೆ ಅಪಘಾತ, ನೀರಿನಲ್ಲಿ ಮುಳುಗುವುದು ಮುಂತಾದವಕ್ಕೆ ಪೊಲೀಸರಿಗೆ ತಿಳಿಸಿರಬೇಕು, ಹಾವು ಕಡಿತ, ಮರದಿಂದ ಬೀಳುವುದು ಇಂಥವಕ್ಕೆ ಆಗಿಂದಾಗಲೇ ಬರೆದ ಆಸ್ಪತ್ರೆಯ ದಾಖಲೆ ಇರಬೇಕು. ಹಾವು ಕಚ್ಚಿದಾಗ ಮಂತ್ರ ಹಾಕಿಸಲು ಹೋಗಿ ಮಾರನೇ ದಿನ ಆಸ್ಪತ್ರೆ ಮುಟ್ಟಿದವರು ಜೀವವನ್ನೂ ಪಣಕ್ಕಿಟ್ಟರು, ವಿಮೆಯನ್ನೂ ಕಳೆದುಕೊಂಡರು.

ಹಾವಿನ ಮಾತು ಬಂತು, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಜೀವ ತೆಗೆಯುವ ಹಾವುಗಳು ಮುಖ್ಯವಾಗಿ ನಾಲ್ಕು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ನಾಲ್ಕಕ್ಕೂ ಒಂದೇ ಪ್ರತಿವಿಷ, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಕೊಳಕುಮಂಡಲ ಕಚ್ಚಿ ತಡವಾದರೆ ಮೂತ್ರಪಿಂಡ ಕೆಡುತ್ತದೆ, ಡಯಾಲಿಸಿಸ್ ಆಗಬೇಕಾಗುತ್ತದೆ. ಖರ್ಚು ಲಕ್ಷಕ್ಕೆ ಏರುವುದು ವಿಷದಿಂದಲ್ಲ, ತಡದಿಂದ. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಖಾಸಗಿ ಆಸ್ಪತ್ರೆಯೂ ಪ್ರತಿ ಪ್ರಕರಣವನ್ನು ಸರ್ಕಾರಕ್ಕೆ ತಿಳಿಸಬೇಕು. ಹಾವು ಕಚ್ಚಿ ರೈತ ತೀರಿಕೊಂಡರೆ ಕೃಷಿ ಇಲಾಖೆಯಿಂದ ಕುಟುಂಬಕ್ಕೆ ಪರಿಹಾರ ಇದೆ, ಆದರೆ ಅದಕ್ಕೂ ಮರಣೋತ್ತರ ಪರೀಕ್ಷೆಯ ವರದಿ ಬೇಕು. ದುಃಖದಲ್ಲಿ ಬೇಗ ಮಣ್ಣು ಮಾಡಿಬಿಡುವ ಮನೆಯವರನ್ನು ತಡೆದು ಈ ಮಾತು ಹೇಳಲು ಗಟ್ಟಿ ಮನಸ್ಸು ಬೇಕು. ಊರಲ್ಲಿ ಒಬ್ಬರಾದರೂ ಹೇಳಲೇಬೇಕು.

ಇನ್ನು ಆ ಮೊದಲ ಗಂಟೆಯಲ್ಲಿ ಹೋಗುವುದು ಎಲ್ಲಿಗೆ? 108ಕ್ಕೆ ಕರೆ ಮಾಡಿ, ಅದಕ್ಕೆ ದುಡ್ಡಿಲ್ಲ. ರಕ್ತ ಸೋರುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕಾಫಿಪುಡಿ, ಅರಿಶಿನ, ಸೊಪ್ಪಿನ ರಸ ಏನನ್ನೂ ಹಾಕಬೇಡಿ, ಅದನ್ನು ತೊಳೆಯುವುದೇ ಆಮೇಲೆ ಡಾಕ್ಟರಿಗೆ ಒಂದು ಕೆಲಸ. ಮೇವು ಕತ್ತರಿಸುವ ಯಂತ್ರದಲ್ಲಿ ಬೆರಳು ತುಂಡಾದರೆ ಬಿದ್ದ ತುಂಡನ್ನು ಹುಡುಕಿ ತನ್ನಿ. ಒದ್ದೆ ಮಾಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಿ. ತುಂಡು ನೇರವಾಗಿ ಮಂಜುಗಡ್ಡೆಗೆ ತಾಗಬಾರದು, ತಾಗಿದರೆ ಮಾಂಸ ಸುಟ್ಟಂತಾಗಿ ಮತ್ತೆ ಕೂಡುವುದಿಲ್ಲ. ಮಂಜುಗಡ್ಡೆ ಎಲ್ಲಿ ಸಿಗುತ್ತದೆ ಎಂದು ಯೋಚಿಸಬೇಡಿ. ಬೇಕರಿಯಲ್ಲಿದೆ, ಐಸ್‌ಕ್ರೀಂ ಅಂಗಡಿಯಲ್ಲಿದೆ, ಪಕ್ಕದ ಮನೆಯ ಫ್ರಿಜ್ಜಿನಲ್ಲಿದೆ. ಬೇಗ ಮುಟ್ಟಿಸಿದರೆ ಮರಳಿ ಜೋಡಿಸುವ ಡಾಕ್ಟರುಗಳಿದ್ದಾರೆ. ದುಡಿಯುವವನ ಹೆಬ್ಬೆರಳು ಹೋದರೆ ಆ ಕೈಯ ದುಡಿಮೆಯಲ್ಲಿ ಅರ್ಧ ಹೋದಂತೆ.

ಸುಗ್ಗಿಯಲ್ಲಿ ಕಣ್ಣಿಗೆ ಬತ್ತದ ಮುಳ್ಳು, ಕಬ್ಬಿನ ಗರಿ ತಾಗುವುದನ್ನು ಹೆಚ್ಚಿನವರು ಏಟು ಎಂದೇ ಎಣಿಸುವುದಿಲ್ಲ. ಎದೆಹಾಲು, ನಂಜಿನ ಸೊಪ್ಪಿನ ರಸ ಬಿಟ್ಟುಕೊಂಡು ಸುಮ್ಮನಿರುತ್ತಾರೆ. ಆ ಗೀರಿನೊಳಗೆ ಬೂಷ್ಟು ಬೆಳೆದು ಕಣ್ಣ ಪಾಪೆ ಬೆಳ್ಳಗಾಗುತ್ತದೆ. ಮೊದಲ ದಿನ ಕೆಲವು ನೂರು ರೂಪಾಯಿಯ ಹನಿಯಲ್ಲಿ ಮುಗಿಯಬೇಕಾದದ್ದು, ವಾರ ಕಳೆದರೆ ಬೆಂಗಳೂರಿನ ಮಿಂಟೋ ಆಸ್ಪತ್ರೆಯವರೆಗೆ ಓಡಿಸುತ್ತದೆ.

ಊರಿಗೆ ಹತ್ತಿರದ ಖಾಸಗಿ ಆಸ್ಪತ್ರೆ ಮೊದಲು ಕೇಳುವುದು ಅಡ್ವಾನ್ಸು. ಇಲ್ಲಿ ನಿಮಗೆ ಕಾನೂನಿನ ಬಲ ಇದೆ. 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು: ಸರ್ಕಾರಿಯಾಗಲಿ ಖಾಸಗಿಯಾಗಲಿ, ಜೀವ ಉಳಿಸುವುದು ಡಾಕ್ಟರಿನ ಮೊದಲ ಕರ್ತವ್ಯ, ಪೊಲೀಸು ಕಾಗದವೆಲ್ಲ ಆಮೇಲೆ. 1996ರದು ನಮ್ಮಂಥವರಿಗೆ ಇನ್ನೂ ಹತ್ತಿರದ ತೀರ್ಪು. ಪಶ್ಚಿಮ ಬಂಗಾಳದ ಕೃಷಿ ಕೂಲಿಕಾರರ ಸಂಘದವನೊಬ್ಬ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಕಲ್ಕತ್ತೆಯ ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆಗೆ ಅಲೆದ. ಹಾಸಿಗೆ ಇಲ್ಲ, ಯಂತ್ರ ಇಲ್ಲ ಎಂದು ಎಲ್ಲರೂ ಸಾಗಹಾಕಿದರು. ಕೊನೆಗೆ ಖಾಸಗಿಯಲ್ಲಿ ಸ್ವಂತ ದುಡ್ಡು ಸುರಿದು ಬದುಕಿಕೊಂಡ. ಸಂಘ ಅವನ ಬೆನ್ನಿಗೆ ನಿಂತು ದೆಹಲಿಯವರೆಗೆ ಹೋಯಿತು. ತುರ್ತಿನಲ್ಲಿ ಚಿಕಿತ್ಸೆ ಕೊಡದಿರುವುದು ಬದುಕುವ ಹಕ್ಕನ್ನೇ ಕಿತ್ತಂತೆ ಎಂದು ಕೋರ್ಟು ತೀರ್ಪು ಕೊಟ್ಟು, ಅವನಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ಕೂಲಿಯವನೊಬ್ಬನ ಪ್ರಕರಣದಲ್ಲಿ ಬಂದ ಆ ತೀರ್ಪು ಈಗ ದೇಶಕ್ಕೆಲ್ಲ ಅನ್ವಯ. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ಮೇಲೆ, ತುರ್ತು ಸ್ಥಿತಿಯಲ್ಲಿ ಬಂದವರ ಹತ್ತಿರ ಮುಂಗಡಕ್ಕೆ ಪಟ್ಟು ಹಿಡಿಯುವಂತಿಲ್ಲ. ಜಗಳ ಮಾಡುವುದು ಬೇಡ. ಮರ್ಯಾದೆಯಿಂದ, ಗಟ್ಟಿಯಾಗಿ, ನಾಲ್ಕು ಜನರ ಎದುರು ಈ ಮಾತು ಹೇಳಿ. ಆಗದಿದ್ದರೆ ಅಲ್ಲಿಂದಲೇ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ.

ಕಾರ್ಡುಗಳ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ಜನ ಮೋಸ ಹೋಗುವುದಕ್ಕಿಂತ ಹೆಚ್ಚು ಗೊಂದಲದಲ್ಲಿ ಕಳೆದುಕೊಳ್ಳುತ್ತಾರೆ. 2018ರಿಂದ ಆಯುಷ್ಮಾನ್ ಭಾರತ್ ಮತ್ತು ಆರೋಗ್ಯ ಕರ್ನಾಟಕ ಒಂದಾಗಿ ನಡೆಯುತ್ತಿವೆ. ಬಿಪಿಎಲ್ ಪಡಿತರ ಚೀಟಿ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಸರ್ಕಾರ ಭರಿಸುವುದು ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ಹೆಚ್ಚಿನ ಕಾಯಿಲೆಗಳಿಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಅವರು ಕೊಡುವ ರೆಫರಲ್ ಚೀಟಿ ಹಿಡಿದು ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಎಂದು ಪಟ್ಟಿ ಮಾಡಿರುವ ಚಿಕಿತ್ಸೆಗಳಿಗೆ ಮಾತ್ರ ನೇರ ದಾಖಲಾಗಬಹುದು. ಒಳಗೆ ಹೋದ ಕೂಡಲೇ ‘ಆರೋಗ್ಯ ಮಿತ್ರ ಎಲ್ಲಿದ್ದಾರೆ?’ ಎಂದು ಕೇಳಿ. ಪಡಿತರ ಚೀಟಿ, ಆಧಾರ್ ನೋಡಿ ನಿಮ್ಮನ್ನು ಯೋಜನೆಯಲ್ಲಿ ದಾಖಲಿಸುವುದು ಅವರ ಕೆಲಸ. ದುಡ್ಡು ಕಟ್ಟಿ ದಾಖಲಾಗಿ ಮೂರನೇ ದಿನ ಕಾರ್ಡು ತೋರಿಸಿದರೆ, ಕಟ್ಟಿದ್ದು ಸಾಮಾನ್ಯವಾಗಿ ವಾಪಸು ಬರುವುದಿಲ್ಲ. ಮೂಳೆಗೆ ಹಾಕುವ ರಾಡು, ಪ್ಲೇಟು ಪ್ಯಾಕೇಜಿನೊಳಗೇ ಸೇರಿವೆ. ಬಿಪಿಎಲ್‌ನವರ ಹತ್ತಿರ ‘ಒಳ್ಳೆ ಪ್ಲೇಟಿಗೆ ಬೇರೆ ದುಡ್ಡು’ ಎಂದು ಕೇಳಿದರೆ ಆರೋಗ್ಯ ಮಿತ್ರರಿಗೆ ತಿಳಿಸಿ, ದೂರು ಬರೆದುಕೊಡಿ.

ಮನೆಗಳಲ್ಲಿ ಪದೇ ಪದೇ ಕಂಡ ತೊಡಕು ಒಂದಿದೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಪಡಿತರ ಚೀಟಿಯಲ್ಲಿರುತ್ತದೆ. ಅಣ್ಣತಮ್ಮಂದಿರು ಬೇರೆಯಾಗಿರುತ್ತಾರೆ, ಚೀಟಿ ಬೇರೆಯಾಗಿರುವುದಿಲ್ಲ. ಆಧಾರಿನಲ್ಲಿ ಒಂದು ಹೆಸರು, ಪಹಣಿಯಲ್ಲಿ ಒಂದು, ಚೀಟಿಯಲ್ಲಿ ಇನ್ನೊಂದು. ಸೊಸೆಯ ಕೈ ಕುಡುಗೋಲಿಗೆ ಸಿಕ್ಕಿದ ದಿನ ಇದನ್ನೆಲ್ಲ ಸರಿಮಾಡಲು ಆಗುವುದಿಲ್ಲ. ಈ ವಾರವೇ ಮನೆಯ ಚೀಟಿ ತೆಗೆದು ಎಲ್ಲರ ಹೆಸರು ಓದಿ ನೋಡಿ.

ಜಮೀನು ಸ್ವಲ್ಪ ಹೆಚ್ಚಿದ್ದು ಎಪಿಎಲ್ ಆದವರಿಗೆ ಯಶಸ್ವಿನಿ ಆರೋಗ್ಯ ಯೋಜನೆಯಷ್ಟು ಆಸರೆಯಾದದ್ದು ಬೇರೊಂದಿಲ್ಲ. ಅದು ನಮ್ಮ ಸಹಕಾರಿಗಳ ಹೆಮ್ಮೆ. 2002ರಲ್ಲಿ ಎಸ್. ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, ಡಾ. ದೇವಿ ಶೆಟ್ಟಿಯವರ ಯೋಚನೆಯಿಂದ ಹುಟ್ಟಿತು. ತಲೆಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಮೊದಲ ವರ್ಷವೇ 16 ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಶಸ್ತ್ರಚಿಕಿತ್ಸೆ ಅಂದರೆ ಹೊಲ ಮಾರುವುದು ಎಂದು ತಿಳಿದಿದ್ದ ಜನ, ಕಾರ್ಡು ತೋರಿಸಿ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಂಡು ನಡೆದು ಬಂದರು. ಆ ಯೋಜನೆಯಲ್ಲಿ ಹಾವು ಕಡಿತ, ನಾಯಿ ಕಡಿತ, ಎತ್ತು ತಿವಿದ ಗಾಯ, ಕೃಷಿ ಉಪಕರಣದಿಂದಾದ ಏಟು, ವಿದ್ಯುತ್ ಆಘಾತ ಎಂದು ಹೆಸರಿಸಿ ಸೇರಿಸಿದ್ದರು. ಹಳ್ಳಿಯ ನೋವು ಬಲ್ಲವರು ಬರೆದದ್ದು ಎಂದು ಅದನ್ನು ಓದಿದಾಗ ನನಗೆ ಅನ್ನಿಸಿತ್ತು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದೊಳಗೆ ಸೇರಿಸಿ ನಿಲ್ಲಿಸಿದರು. ಮತ್ತೆ ಜೀವ ಬಂದು 2023ರ ಜನವರಿಯಿಂದ ಚಿಕಿತ್ಸೆ ಶುರುವಾಯಿತು. ಗ್ರಾಮೀಣ ಸಂಘದ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಮೇಲೊಬ್ಬರಿಗೆ 100, ಪರಿಶಿಷ್ಟ ಜಾತಿ ಪಂಗಡದವರ ಕಂತು ಸರ್ಕಾರದ್ದು, ಮಿತಿ 5 ಲಕ್ಷ ಎಂದು ಗೊತ್ತುಮಾಡಿದರು. ನೋಂದಣಿಗೆ ಕಾಲ ಗೊತ್ತುಮಾಡಿರುತ್ತಾರೆ, ಆಮೇಲೆ ಸೇರಿಸುವುದಿಲ್ಲ. ‘ಏನೂ ಆಗಲಿಲ್ಲ, ಕಟ್ಟಿದ್ದು ದಂಡ’ ಎಂದು ಮರುವರ್ಷ ಬಿಟ್ಟವರ ಮನೆಯಲ್ಲೇ ಆ ವರ್ಷ ಟ್ರ್ಯಾಕ್ಟರ್ ಮಗುಚಿದ್ದನ್ನು ನೋಡಿದ್ದೇನೆ. ಹಾಲಿನ ಡೈರಿಯ ಸದಸ್ಯತ್ವ ಇದ್ದರೂ ಸಾಕು, ನಿಮ್ಮ ಕಾರ್ಯದರ್ಶಿಯನ್ನು ಕೇಳಿ.

ಸುರಕ್ಷಾ ಬಿಮಾದ ವಿಷಯದಲ್ಲಿ ತಪ್ಪು ಭರವಸೆ ಬೇಡ. ವರ್ಷಕ್ಕೆ 20 ರೂಪಾಯಿಗೆ ಅಪಘಾತದಲ್ಲಿ ಸತ್ತರೆ 2 ಲಕ್ಷ, ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಪೂರ್ತಿ ಹೋದರೆ 1 ಲಕ್ಷ. ಆಸ್ಪತ್ರೆಯ ಬಿಲ್ಲಿಗೆ ಅದು ಒಂದು ಪೈಸೆ ಕೊಡುವುದಿಲ್ಲ, ಎರಡು ಬೆರಳು ಹೋದರೂ ಕೊಡುವುದಿಲ್ಲ. ಆದರೂ ಮಾಡಿಸಿ. ಮನೆಯ ಹೆಂಗಸರ ಖಾತೆಗೂ ಮಾಡಿಸಿ. ಗೃಹಲಕ್ಷ್ಮಿಯ 2,000 ರೂಪಾಯಿ ಬರುವ ಖಾತೆಯಲ್ಲಿ 20 ರೂಪಾಯಿ ಮುರಿದುಕೊಳ್ಳುವುದು ಕಷ್ಟವಲ್ಲ. ಜೂನ್ 1ಕ್ಕೆ ವಿಮೆಯ ವರ್ಷ ತಿರುಗುತ್ತದೆ. ಕಂತು ಮುರಿಯುವ ಆ ದಿನಗಳಲ್ಲಿ ಖಾತೆ ಬರಿದಾಗಿದ್ದರೆ ವಿಮೆ ನಿಂತುಹೋಗುತ್ತದೆ, ಯಾರೂ ಬಂದು ಹೇಳುವುದಿಲ್ಲ.

ಯಾವ ಕಾರ್ಡು ಇದ್ದರೂ ಕೈಯಿಂದ ಹೋಗುವ ಖರ್ಚು ಇದ್ದೇ ಇರುತ್ತದೆ. ಜೊತೆಗಿರುವವರ ಊಟ, ಓಡಾಟ, ಹೊರಗಡೆ ಬರೆದುಕೊಟ್ಟ ಔಷಧಿ, ನಿಂತುಹೋದ ಕೂಲಿ, ಮನೆಯಲ್ಲಿ ಹಾಲು ಕರೆಯಲು ಇಟ್ಟುಕೊಂಡವರ ಸಂಬಳ. ಇದಕ್ಕೆ ವಾರದ ಕಂತಿನ ಸಂಘದ ಸಾಲ, ಮೀಟರ್ ಬಡ್ಡಿ ಮುಟ್ಟಬೇಡಿ. ದುಡಿಯುವವನು ಮಲಗಿರುವಾಗ ವಾರವಾರ ಕಂತು ಕಟ್ಟುವುದು ಯಾರು? ಚಿನ್ನ ಇದ್ದರೆ ಗಿರವಿ ಅಂಗಡಿ ಬಿಟ್ಟು ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಇಡಿ. ಕರೆಯುವ ಹಸುವನ್ನು ಮಾರಬೇಡಿ, ಆ ದಿನಗಳಲ್ಲಿ ಮನೆಗೆ ದಿನದ ದುಡ್ಡು ತರುವುದು ಅದೊಂದೇ. ಆಸ್ಪತ್ರೆಯ ವರಾಂಡದಲ್ಲಿ ಜಮೀನಿನ ಕರಾರಿಗೆ ಸಹಿ ಮಾಡಬೇಡಿ. ಕಷ್ಟದ ವಾಸನೆ ಹಿಡಿದು ಅಲ್ಲಿಗೇ ಬರುವವರಿದ್ದಾರೆ. ‘ನಾಳೆ ನೋಡೋಣ’ ಎಂದು ಕಳಿಸಿ. ಬಿಲ್ಲುಗಳನ್ನೆಲ್ಲ ಒಂದು ಚೀಲದಲ್ಲಿ ಇಡಿ, ಶಾಸಕರ ಪತ್ರದೊಂದಿಗೆ ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಲು ಅವು ಬೇಕು.

ಇಲ್ಲಿಯವರೆಗೆ ಏಟು ತಿಂದವರ ಮನೆಯ ಮಾತಾಯಿತು. ಈಗ ಜಮೀನಿರುವ ಮಕ್ಕಳಿಗೆ ಹೇಳುತ್ತೇನೆ, ಮುಖ ನೋಡಿ ಕೇಳಿ. ನಿಮ್ಮ ಗದ್ದೆಯಲ್ಲಿ ಕೂಲಿಗೆ ಬಂದವನ ಕೈ ನಿಮ್ಮ ಯಂತ್ರಕ್ಕೆ ಸಿಕ್ಕಿದರೆ, ಟಿಂಚರ್ ಹಾಕಿಸಿ ಐನೂರರ ನೋಟು ಕೈಗಿಟ್ಟು ಕಳಿಸಿದರೆ ಮುಗಿಯಲಿಲ್ಲ. 1923ರಿಂದ ನಡೆದುಬಂದ ಕಾರ್ಮಿಕರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಟ್ರ್ಯಾಕ್ಟರಿನಿಂದಲೋ ವಿದ್ಯುತ್ತಿನಿಂದಲೋ ನಡೆಯುವ ಯಂತ್ರ ಬಳಸಿ ಬೇಸಾಯ ಮಾಡುವ ಆಳೂ ಸೇರಿದ್ದಾನೆ. 2009ರ ತಿದ್ದುಪಡಿ ಇನ್ನೊಂದು ಮಾತು ಸೇರಿಸಿತು: ಕೆಲಸದಲ್ಲಿ ಆದ ಗಾಯದ ಚಿಕಿತ್ಸೆಗೆ ನಿಜವಾಗಿ ಆದ ಖರ್ಚನ್ನು ಕೆಲಸ ಕೊಟ್ಟವರು ತುಂಬಿಕೊಡಬೇಕು. ಕೈಕಾಲು ಊನವಾದರೆ ಅದಕ್ಕೆ ಪರಿಹಾರ ಬೇರೆ. ದುಡಿಯಲಾಗದೆ ಮಲಗಿದ ದಿನಗಳಿಗೆ ಅರ್ಧ ತಿಂಗಳಿಗೊಮ್ಮೆ ತಿಂಗಳ ಕೂಲಿಯ ಶೇ 25 ಕೊಡಬೇಕು. ಆ ಕಾಯ್ದೆಯನ್ನು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಿದ್ದಾರೆ, ಹೊಣೆ ಹೋಗಿಲ್ಲ. ಒಕ್ಕಣೆ ಯಂತ್ರಗಳು ತಿಂದ ಕೈಗಳನ್ನು ನೋಡಿಯೇ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣಕ್ಕೆ ಒಂದು ಕಾಯ್ದೆ ಬೇರೆ ಬಂತು. ಕಾನೂನು ಇರಲಿ ಬಿಡಲಿ, ನಮ್ಮ ಕಣ ತುಂಬಿಸಲು ಬಂದು ಕೈ ಕಳೆದುಕೊಂಡವನ ಮನೆಗೆ ಅಕ್ಕಿ ಹೋಗುತ್ತಿದೆಯೇ ಎಂದು ನೋಡದ ಮನೆಯನ್ನು ನಾನು ದೊಡ್ಡ ಮನೆ ಎನ್ನುವುದಿಲ್ಲ.

ನೀವೂ ಬಡವರೇ ಎಂದು ನನಗೆ ಗೊತ್ತು. ಎರಡೆಕರೆಯವನು ಲಕ್ಷ ಎಲ್ಲಿಂದ ತರಬೇಕು? ಆದ್ದರಿಂದಲೇ ವಿಮೆ. ಟ್ರ್ಯಾಕ್ಟರಿನ ವಿಮೆ ನವೀಕರಿಸುವಾಗ ಏಜೆಂಟನ್ನು ಬಾಯಿಬಿಟ್ಟು ಕೇಳಿ: ಚಾಲಕನಿಗೆ, ಕೂಲಿಯವರಿಗೆ ಹೊಣೆಯ ಕಂತು ಸೇರಿದೆಯೇ? ಸ್ವಲ್ಪ ದುಡ್ಡಿನ ಮಾತು ಅದು. ಟ್ರ್ಯಾಲಿಗೆ ಬೇರೆ ವಿಮೆ ಇದೆಯೇ? ಕಳೆ ಕೀಳುವ ಹೆಂಗಸರನ್ನು ಟ್ರ್ಯಾಲಿಯಲ್ಲಿ ತುಂಬಿಕೊಂಡು ಹೋಗಬೇಡಿ. ಅದು ಮಗುಚಿದರೆ ‘ಸರಕು ಸಾಗಿಸುವ ಗಾಡಿಯಲ್ಲಿ ಜನ ಯಾಕೆ ಕೂತರು’ ಎಂದು ವಿಮಾ ಕಂಪನಿ ಕೈ ಒದರುತ್ತದೆ, ಹೊರೆ ನಿಮ್ಮ ತಲೆಗೆ ಬರುತ್ತದೆ, ಕೆಲವು ಸಲ ಜಮೀನಿಗೇ ಬರುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ವಾಹನದಿಂದ ಏಟಾದರೆ 2025ರಿಂದ ಕೇಂದ್ರದ ನಗದುರಹಿತ ಚಿಕಿತ್ಸೆಯೂ ಇದೆ: ಅಪಘಾತದ ದಿನದಿಂದ 7 ದಿನ, 1.5 ಲಕ್ಷದವರೆಗೆ. ಗದ್ದೆಯೊಳಗೆ ಮಗುಚಿದ ಟ್ರ್ಯಾಕ್ಟರಿಗೆ ಅದು ಸಿಗುವುದಿಲ್ಲ.

ಕಬ್ಬು ಕಡಿಯಲು ಬರುವ ಗ್ಯಾಂಗುಗಳ ಪಾಡು ಇನ್ನೂ ಕಷ್ಟ. ಮುಂಗಡ ಪಡೆದು ದೂರದಿಂದ ಬಂದವರು ಅವರು. ಮಚ್ಚು ಕಾಲಿಗೆ ಬಿದ್ದರೆ ಮೇಸ್ತ್ರಿ ಆಸ್ಪತ್ರೆಗೆ ದುಡ್ಡು ಕೊಡುತ್ತಾನೆ, ಆಮೇಲೆ ಅದನ್ನೇ ಮುಂಗಡದ ಲೆಕ್ಕಕ್ಕೆ ಬರೆಯುತ್ತಾನೆ. ವಾಸಿಯಾಗುವ ಹೊತ್ತಿಗೆ ಮುಂದಿನ ಸುಗ್ಗಿಯ ದುಡಿಮೆಯೂ ಅಡ ಬಿದ್ದಿರುತ್ತದೆ. ನಿಮ್ಮ ಗದ್ದೆಯ ಕಬ್ಬು ಕಡಿಯುವಾಗ ಏಟಾದರೆ, ಅವರ ಊರಿನ ಪಡಿತರ ಚೀಟಿಯ ಫೋಟೋ ಮೊಬೈಲಿನಲ್ಲಿ ತರಿಸಿ ನಮ್ಮ ಸರ್ಕಾರಿ ಆಸ್ಪತ್ರೆಗೆ ನೀವೇ ಕರೆದೊಯ್ಯಿರಿ. ಮಹಾರಾಷ್ಟ್ರದವರಾದರೂ ಆಯುಷ್ಮಾನ್ ಕಾರ್ಡಿದ್ದರೆ ಇಲ್ಲಿ ನಡೆಯುತ್ತದೆ.

ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ವಿಮೆ ಇದೆ. ಕಂತಿನ ಬಹುಪಾಲು ಮಂಡಳಿಯದು, ಆಸ್ಪತ್ರೆ ಖರ್ಚಿಗೂ ಅದರಲ್ಲಿ ಪಾಲಿದೆ. ನಿಮ್ಮ ತೋಟಕ್ಕೆ ಕಾಯಿ ಕೀಳಲು ಬರುವವನಿಗೆ ಇದು ಗೊತ್ತಿದೆಯೋ ಕೇಳಿ, ಇಲ್ಲದಿದ್ದರೆ ಅವನ ಪಾಲಿನ ಕಂತು ನೀವೇ ಕಟ್ಟಿ. ಪಂಪ್‌ಸೆಟ್ಟಿನಲ್ಲಿ, ಹರಿದುಬಿದ್ದ ತಂತಿಯಲ್ಲಿ ಕರೆಂಟು ಹೊಡೆದರೆ ಲೈನ್‌ಮನ್‌ಗೆ ಹೇಳಿ ಸುಮ್ಮನಾಗಬೇಡಿ. ವಿದ್ಯುತ್ ಪರಿವೀಕ್ಷಕರು ಬಂದು ನೋಡಿ ವರದಿ ಕೊಡುವವರೆಗೆ ತಂತಿ, ಸ್ಟಾರ್ಟರು ಇದ್ದಲ್ಲೇ ಇರಲಿ, ಫೋಟೋ ತೆಗೆದಿಡಿ. ಸರಬರಾಜು ಕಂಪನಿಯ ತಪ್ಪಿದ್ದರೆ ಪರಿಹಾರ ನಿಲ್ಲುವುದು ಆ ವರದಿಯ ಮೇಲೆ. ಎಪಿಎಂಸಿಯಲ್ಲಿ ರೈತ ಸಂಜೀವಿನಿ ಎಂಬ ಅಪಘಾತ ಪರಿಹಾರ ಇದೆ, ಕೂಲಿಯವರೂ ಅದರಲ್ಲಿ ಬರುತ್ತಾರೆ, ಹೋಗಿ ವಿಚಾರಿಸಿ. ಇದೆಲ್ಲಕ್ಕೂ ವಕೀಲರ ಫೀಸಿಗೆ ಹೆದರಿ ಬಿಡಬೇಡಿ. ಹೆಂಗಸರಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿ ಉಚಿತವಾಗಿ ವಕೀಲರನ್ನು ಕೊಡುತ್ತದೆ.

ಕೊನೆಗೆ ಡಿಸ್ಚಾರ್ಜಿನ ದಿನ. ಮನೆಗೆ ಹೋದರೆ ಸಾಕು ಅನ್ನಿಸಿರುತ್ತದೆ, ಆದರೂ ಒಂದು ಗಂಟೆ ತಡೆದುಕೊಳ್ಳಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಗಾಯದ ಕಾರಣ ಮೊದಲ ಚೀಟಿಯಲ್ಲಿ ಬರೆದಂತೆಯೇ ಇದೆಯೇ ನೋಡಿ, ಎಡಗೈ ಬಲಗೈ ಅದಲುಬದಲಾಗಿಲ್ಲವೇ ನೋಡಿ. ಎಕ್ಸ್‌ರೇ, ಗಾಯದ ಪ್ರಮಾಣಪತ್ರ, ಎಲ್ಲದರ ಪ್ರತಿ ತೆಗೆದುಕೊಳ್ಳಿ. ಪ್ಲೇಟ್ ತೆಗೆಸುವ ಆಪರೇಷನ್ ಮುಂದೆ ಬೇಕಾಗುತ್ತದೆಯೇ, ಅದು ಕಾರ್ಡಿನಲ್ಲಿ ಆಗುತ್ತದೆಯೇ ಎಂದು ಆಗಲೇ ಕೇಳಿ ಬರೆಸಿಕೊಳ್ಳಿ. ಫಿಸಿಯೋಥೆರಪಿ ಬಿಟ್ಟರೆ ಕೂಡಿದ ಮೂಳೆಯೂ ಮಡಚುವುದಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಅದಕ್ಕೆ ದೊಡ್ಡ ಖರ್ಚಿಲ್ಲ, ಹೋಗಿ ಬರುವ ಬಸ್ಸಿನ ದುಡ್ಡು ಮತ್ತು ಜೊತೆಗೆ ಹೋಗುವ ಒಬ್ಬರು ಬೇಕು, ಅಷ್ಟೇ. ಊನ ಉಳಿಯುವುದಾದರೆ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ, ಮಾಸಾಶನಕ್ಕೂ ಬಸ್ ಪಾಸಿಗೂ ಅದೇ ಆಧಾರ. ‘ನನ್ನನ್ನು ಕುಂಟ ಎಂದು ಬರೆಸಬೇಡಿ’ ಎಂದು ಗಟ್ಟಿ ಗಂಡಸರು ಅದಕ್ಕೆ ಒಪ್ಪುವುದಿಲ್ಲ. ಪಕ್ಕದಲ್ಲಿ ಕೂತು, ಸಮಾಧಾನ ಹೇಳಿ, ಅರ್ಜಿ ನೀವೇ ತುಂಬಿಸಿ ಸಹಿ ಮಾಡಿಸಿಕೊಳ್ಳಿ.